ತಾರಸಿಯ ರೈಲು ಹುಳ
ನಿನ್ನೆ ರಾತ್ರಿಯ ಮಳೆಗೆ ಮಲ್ಲೇಶ್ವರದ ನಮ್ಮ ತಾರಸಿ ಕುಂಡಗಳೆಲ್ಲ ತೊಪ್ಪೆ. ಬೆಳಿಗ್ಗೆ ಕರಿಬೇವಿನ ಕುಂಡ ಸರಿಸಿದರೆ ಅಡಿಯಲ್ಲೊಂದು ರೈಲು ಹುಳ. ಮುಟ್ಟಿದ್ದೇ ತಡ, ಸಣ್ಣ ಚಕ್ಕುಲಿಯ ಹಾಗೆ ಸುರುಳಿ ಸುತ್ತಿಕೊಂಡಿತು. ಅಮ್ಮ ತೀರ್ಥಹಳ್ಳಿಯವಳು, 'ಚೋರಟೆ ಕಣೋ, ಅದರ ಪಾಡಿಗೆ ಬಿಡು' ಅಂದಳು. ಪೊರಕೆ ಕೆಳಗಿಟ್ಟೆ.

ಇದು ಕೊಳೆತ ಎಲೆ ತಿನ್ನುವ ಸಾದಾ ಪ್ರಾಣಿ. ಇದರ ದೂರದ ನೆಂಟರು ಅಮೆರಿಕದ ಕಾಡುಗಳಲ್ಲಿದ್ದಾರೆ, ಬ್ರಾಕಿಸೈಬಿ ಅಂತ. ಚಪ್ಪಟೆ ಮೈ, ಕೆಲವಕ್ಕೆ ನಸುಗುಲಾಬಿ ಬಣ್ಣ. ಬಿದ್ದ ಮರದ ಒದ್ದೆ ದಿಮ್ಮಿಯ ಮೇಲೆ ಬೆಳೆದ ಶಿಲೀಂಧ್ರವೇ ಊಟ. ಎಷ್ಟೋ ಸಲ ಗುಂಪಾಗಿ, ತಲೆಗಳನ್ನೆಲ್ಲ ನಡುವಿಗೆ ಸೇರಿಸಿ, ಹೂವಿನ ಎಸಳಿನಂತೆ ಸುತ್ತ ಹರಡಿಕೊಂಡು ತಿನ್ನುತ್ತವೆ. ಮದುವೆಮನೆ ಪಂಕ್ತಿಯೇ, ಗಲಾಟೆಯೊಂದಿಲ್ಲ ಅಷ್ಟೆ. ನನಗೆ ಹಿಡಿಸಿದ್ದು ಬೇರೆ: ಮೊಟ್ಟೆಗಳನ್ನು ಮೈಯಿಂದ ಸುತ್ತುವರಿದು, ಮರಿಯಾಗುವ ತನಕ ಕಾಯುವುದು ಅಪ್ಪ! ಇದನ್ನು ಓದಿ ಹೇಳಿದಾಗ ಅಮ್ಮ ಪೇಪರಿನಲ್ಲಿ ಮುಳುಗಿದ್ದ ಅಪ್ಪನ ಕಡೆ ಒಂದು ನೋಟ ಬಿಟ್ಟಳು. ಅಪ್ಪ ಪುಟ ತಿರುವಿದರು.

2021ರಲ್ಲಿ ಆಸ್ಟ್ರೇಲಿಯಾದ ನೆಲದಾಳದಲ್ಲಿ 1,306 ಕಾಲಿನ ರೈಲು ಹುಳವೊಂದು ಸಿಕ್ಕ ಸುದ್ದಿ ಬಂತು. ಅದಕ್ಕೂ ಮುಂಚೆ ಇವುಗಳಿಗೆ ಸಾವಿರ ಕಾಲಿನ ಲೆಕ್ಕದಲ್ಲಿ 'ಸಹಸ್ರಪದಿ' ಅನ್ನೋದು ಬರೀ ಬಾಯಿಮಾತು!

ನಮ್ಮದು ಈಗ ಸುರುಳಿ ಬಿಚ್ಚಿ ನಿಧಾನಕ್ಕೆ ತುಳಸಿ ಕುಂಡದ ಕಡೆ ಹೊರಟಿದೆ. ಆಫೀಸಿಗೆ ನನಗೇ ತಡ.