ನಿಜದ ಹಾಗಿರಬೇಕಾ, ಚೆಂದ ಕಾಣಬೇಕಾ?

ಮನೆಗೆ ಬಂದವರು ನನ್ನ ಕಪಾಟಿನ ಮುಂದೆ ನಿಂತು ಕೇಳುತ್ತಾರೆ: "ಇಷ್ಟು ಚೆಂದದ ಕಾರಿಗೆ ಯಾಕೆ ಕೆಸರು, ತುಕ್ಕು ಬಳಿದಿದ್ದೀರಿ?" ಪಕ್ಕದ ಕಾರು ನೋಡಿದವರು ಉಲ್ಟಾ ಕೇಳುತ್ತಾರೆ: "ಇದು ತೀರಾ ಹೊಳೀತಾ ಇದೆಯಲ್ಲ, ನಿಜವಾದ ಕಾರು ಹೀಗಿರ್ತದಾ?" ಕಾರವಾರದ ಈ ಸಣ್ಣ ಕೋಣೆಯಲ್ಲಿ ನಾನು ಹನ್ನೆರಡು ವರ್ಷದಿಂದ 1:24 ಅಳತೆಯ, ಅಂದರೆ ನಿಜವಾದ ಕಾರಿಗಿಂತ 24 ಪಟ್ಟು ಚಿಕ್ಕ ಮಾಡೆಲ್ ಕಾರು ಕಟ್ಟುತ್ತಿದ್ದೇನೆ. ಎರಡೂ ಪ್ರಶ್ನೆಗೆ ನನ್ನ ಉತ್ತರ ಒಂದೇ. ಮೊದಲು ಎಷ್ಟು ದೂರದಿಂದ ನೋಡುತ್ತಿದ್ದೀರಿ ಅಂತ ಲೆಕ್ಕ ಹಾಕಿ.

ಮಾಡೆಲನ್ನು ನಾವು ಸುಮಾರು 30 ಸೆಂಟಿಮೀಟರ್ ದೂರದಿಂದ ನೋಡುತ್ತೇವೆ. ಅದನ್ನು 24ರಿಂದ ಗುಣಿಸಿ. ಏಳು ಮೀಟರಿಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಅಂದರೆ ರಸ್ತೆಯ ಈ ಬದಿ ನಿಂತು ಆ ಬದಿಯ ಕಾರನ್ನು ನೋಡಿದ ಹಾಗೆ. ಅಲ್ಲಿಂದ ಕಾಣದ್ದು ಮಾಡೆಲಿನಲ್ಲೂ ಕಾಣಬಾರದು.

ನಾನು ಇದನ್ನು ಕಲಿತದ್ದು ಒಂದು ಕಾರು ಹಾಳಾದ ಮೇಲೆ. "ಅಸಲಿ ಬಣ್ಣವೇ ಇರಲಿ" ಅಂತ ಗ್ಯಾರೇಜಿನಿಂದ ನಿಜವಾದ ಕಾರಿನ ಮೆಟಾಲಿಕ್ ಬಣ್ಣ ತಂದು ಹೊಡೆದೆ. ಒಣಗಿದ ಮೇಲೆ ನೋಡಿದರೆ ಕಾರಿನ ಮೈ ಮೇಲೆ ಸಕ್ಕರೆ ಚೆಲ್ಲಿದ ಹಾಗಿತ್ತು. ಕಾರು 24 ಪಟ್ಟು ಚಿಕ್ಕದಾಗಿತ್ತು, ಬಣ್ಣದೊಳಗಿನ ಹೊಳೆಯುವ ಕಣ ಚಿಕ್ಕದಾಗಿರಲಿಲ್ಲ. ಬಾಗಿಲಿನ ಸಂದಿನ ಕಥೆಯೂ ಇದೇ. ನಿಜವಾದ ಕಾರಿನಲ್ಲಿ ಸಂದು 5 ಮಿಲಿಮೀಟರ್ ಇದ್ದರೆ ಮಾಡೆಲಿನಲ್ಲಿ 0.2 ಆಗಬೇಕು. ಅಂಗಡಿಯಿಂದ ತಂದು ಜೋಡಿಸುವ ಕಿಟ್‌ನಲ್ಲಿ ಬಾಗಿಲಿನ ಸಂದಿಗೆ ಕೊರೆದ ಗೀರು ಅರ್ಧ ಮಿಲಿಮೀಟರ್ ಇದ್ದರೆ ಅದು 12 ಮಿಲಿಮೀಟರ್ ಸಂದಿಗೆ ಸಮ, ಕೈಬೆರಳು ತೂರುತ್ತದೆ! ಅದರೊಳಗೆ ಅಚ್ಚ ಕಪ್ಪು ತುಂಬಿದರೆ ಕಾರು ಪೆನ್ಸಿಲಿನಲ್ಲಿ ಬರೆದ ಚಿತ್ರದಂತೆ ಕಾಣುತ್ತದೆ. ಬಿಳಿ ಕಾರಿಗೆ ನಾನು ಬೂದು ತುಂಬುತ್ತೇನೆ, ಕೆಂಪು ಕಾರಿಗೆ ಕಡು ಕಂದು. ಟೈರಿಗೂ ಕಪ್ಪು ಬೇಡ, ಗಾಢ ಬೂದು ಸಾಕು.

ಇನ್ನು ತುಕ್ಕು. ಇದಕ್ಕೆ ಕಾರವಾರಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಟ್ಯಾಗೋರ್ ಕಡಲತೀರದ ಪಕ್ಕದಲ್ಲಿ ನಿಂತ ಹಳೇ ಕಾರುಗಳನ್ನು ಸುಮ್ನೆ ಒಂದು ಸುತ್ತು ನೋಡಿ ಬನ್ನಿ. ಉಪ್ಪುಗಾಳಿ ಎಲ್ಲ ಕಡೆ ಬೀಸಿದರೂ ತುಕ್ಕು ಎಲ್ಲ ಕಡೆ ಹಿಡಿಯುವುದಿಲ್ಲ. ನೀರು ನಿಲ್ಲುವ ಕಡೆ ಹಿಡಿಯುತ್ತದೆ. ಬಾಗಿಲ ಕೆಳ ಅಂಚು, ಚಕ್ರದ ಮೇಲಿನ ಕಮಾನು, ಗಾಜಿನ ರಬ್ಬರ್ ಬುಡ. ಮೊದಲು ಬಣ್ಣ ಗುಳ್ಳೆ ಏಳುತ್ತದೆ, ಆಮೇಲೆ ಕಂದು ನೀರು ಕೆಳಗೆ ಇಳಿಯುತ್ತದೆ. ಬಾನೆಟ್ ನಡುವೆ ಕಂದು ಚುಕ್ಕೆ ಇಟ್ಟರೆ ನೋಡಲು ಜೋರಾಗಿರಬಹುದು, ನನಗಂತೂ ಅದು ಸುಳ್ಳು ಅನಿಸುತ್ತದೆ. ಧೂಳಿಗೆ ನಾನು ಚಿರೆಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಪುಡಿ ಬಳಸುತ್ತೇನೆ. ಹಳೇ ಪಂಚೆ ಬಟ್ಟೆಯಲ್ಲಿ ಎರಡು ಸಲ ಸೋಸಬೇಕು. ಅರ್ಧ ಮಿಲಿಮೀಟರಿನ ಒಂದು ಹರಳು ಉಳಿದರೂ ಆ ಅಳತೆಗೆ ಅದು ಜಲ್ಲಿಕಲ್ಲು.

(ಹೊಳಪಿನ ಲ್ಯಾಕರ್ ಮಾತ್ರ ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಡೆಯಬೇಡಿ. ಗಾಳಿಯ ತೇವ ಕೂತು ಮೈಯೆಲ್ಲ ಹಾಲು ಚೆಲ್ಲಿದಂತೆ ಬಿಳುಚುತ್ತದೆ.)

ಹಾಗಾದರೆ ಆ ಹೊಳೆಯುವ ಕಾರು? ಅದು ಶಿರಸಿಯ ನನ್ನ ಸೋದರಮಾವನ ಬಿಳಿ ಅಂಬಾಸಿಡರ್, ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರದಲ್ಲಿ ಕೆಎ 31. ಅಂಬಾಸಿಡರ್ ತಯಾರಿಕೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರಲ್ಲಿ ನಿಂತಿತು. ಮಾವ ಅದಕ್ಕೂ ಮೊದಲೇ ಗಾಡಿ ಮಾರಿದ್ದರು. ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಪುಟ್ಟಿ ಹಾಕಿ ಉಜ್ಜಿ, 18 ಸೆಂಟಿಮೀಟರ್ ಉದ್ದದ ಆ ಕಾರು ಮುಗಿಸಲು ನನಗೆ ಹದಿನಾಲ್ಕು ತಿಂಗಳು ಬೇಕಾಯಿತು. ಮೊದಲು ಅದಕ್ಕೂ ಶಿರಸಿ-ಕುಮಟೆ ದಾರಿಯ ದೇವಿಮನೆ ಘಟ್ಟದ ಕೆಂಪು ಕೆಸರು ಹಚ್ಚಿದ್ದೆ. ಚಕ್ರದ ಹಿಂದೆ ಸಿಡಿದ ಕೆಸರು, ಗಾಜಿನ ಮೇಲೆ ವೈಪರ್ ಒರೆಸಿದ ಕಮಾನು, ಎಲ್ಲ ಲೆಕ್ಕದ ಪ್ರಕಾರವೇ ಇತ್ತು. ಆದರೂ ಅದು ಮಾವನ ಕಾರು ಅನಿಸಲಿಲ್ಲ. ಮಾವ ದಿನಾ ಬೆಳಿಗ್ಗೆ ಐದಕ್ಕೆ ಎದ್ದು, ಬಾವಿ ನೀರು ಸೇದಿ ಗಾಡಿ ತೊಳೆಯುತ್ತಿದ್ದರು. ಕುಮಟೆಯ ಬಾಡಿಗೆ ಮುಗಿಸಿ ರಾತ್ರಿ ಎಷ್ಟೊತ್ತಿಗೆ ಬಂದಿರಲಿ, ಬೆಳಿಗ್ಗೆ ಗಾಡಿ ಫಳಫಳ. ಆ ಕಾರಿನ ಮಟ್ಟಿಗೆ ಹೊಳಪೇ ನಿಜ. ಕೆಸರನ್ನೆಲ್ಲ ತೊಳೆದು ತೆಗೆದೆ. ಅಚ್ಚ ಬಿಳಿ ಇಷ್ಟು ಸಣ್ಣ ವಸ್ತುವಿನ ಮೇಲೆ ಸುಣ್ಣದ ಹಾಗೆ ಕಾಣುತ್ತದೆ, ಅದಕ್ಕೇ ಒಂದು ಹನಿ ಬೂದು ಬೆರೆಸಿ ಮತ್ತೆ ಹೊಡೆದೆ. ಕ್ರೋಮ್ ಬಂಪರಿನ ಕನ್ನಡಿ ಹೊಳಪನ್ನೂ ಸ್ವಲ್ಪ ಇಳಿಸಿದೆ.

ಮಾವನಿಗೆ ಈಗ ಎಪ್ಪತ್ತೆರಡು. ಹೋದ ದೀಪಾವಳಿಗೆ ಬಂದಾಗ ಮಾಡೆಲನ್ನು ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ತಿರುಗಿಸಿ ನೋಡಿದರು. "ತಮಾ, ಎಡಗಡೆ ಹಿಂದಿನ ಬಾಗಿಲು ಬೇರೆ ಬಿಳಿ ಇತ್ತಲ್ಲ. ಘಟ್ಟದಲ್ಲಿ ಲಾರಿ ಉಜ್ಜಿದ್ದಕ್ಕೆ ಬದಲಿಸಿದ್ದು," ಅಂದರು.

ಆ ವಾರವೇ ಒಂದು ಹನಿ ಹಳದಿ ಬೆರೆಸಿ ಆ ಬಾಗಿಲೊಂದಕ್ಕೆ ಬೇರೆ ಬಿಳಿ ಹೊಡೆದೆ. ಈಗ ಬಂದವರು, "ಒಂದು ಬಾಗಿಲಿಗೆ ಬಣ್ಣ ಸಾಲಲಿಲ್ವಾ?" ಅಂತ ಕೇಳುತ್ತಾರೆ. ನಾನು ಅವರನ್ನು ಕೂರಿಸಿ, ದೇವಿಮನೆ ಘಟ್ಟದ ಲಾರಿಯ ವಿಷಯ ಹೇಳುತ್ತೇನೆ.