ಜಾವಾ 250: ಹಳೆಯ ಸ್ಪ್ರಿಂಗ್‌ಗಳ ತೂಕದ ಪರೀಕ್ಷೆ

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾಗತೊಡಗಿದ ಜಾವಾ 250 ಮೋಟಾರ್ ಸೈಕಲ್‌ನ ಆರಂಭದ ವರ್ಷಗಳ ಗಾಡಿಯೊಂದನ್ನು ಮತ್ತೆ ರಸ್ತೆಗಿಳಿಸುವ ಕೆಲಸದಲ್ಲಿದ್ದೇನೆ. ಎಂಜಿನ್ ಟೂ ಸ್ಟ್ರೋಕ್, ಫೋರ್ ಸ್ಟ್ರೋಕ್‌ನಲ್ಲಿರುವಂಥ ವಾಲ್ವ್‌ಗಳು ಅದರಲ್ಲಿಲ್ಲ; ಆದ್ದರಿಂದ ವಾಲ್ವ್ ಸ್ಪ್ರಿಂಗ್‌ಗಳ ಚಿಂತೆಯಿಲ್ಲ. ಈ ವಾರ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಎರಡು, ಹಿಂದಿನ ಶಾಕ್ ಅಬ್ಸಾರ್ಬರ್‌ಗಳ ಎರಡು ಸ್ಪ್ರಿಂಗ್‌ಗಳನ್ನು ಪರೀಕ್ಷಿಸಿದೆ.

ಸೀಮೆಎಣ್ಣೆಯಲ್ಲಿ ತೊಳೆದು ಅಕ್ಕಪಕ್ಕ ನಿಲ್ಲಿಸಿದಾಗ ಫೋರ್ಕಿನ ಎಡಗಡೆಯ ಸ್ಪ್ರಿಂಗ್ ಬಲಗಡೆಯದಕ್ಕಿಂತ 7 ಮಿ.ಮೀ. ಗಿಡ್ಡವಾಗಿತ್ತು. ಇಂಥದ್ದನ್ನು ಕಂಡರೆ ಸ್ಪ್ರಿಂಗ್ ಸತ್ತಿದೆ ಎಂದುಬಿಡುವುದು ವಾಡಿಕೆ. ತೂಗಿ ನೋಡದೆ ಹಾಗೆ ಹೇಳುವುದು ಸರಿಯಲ್ಲವೆಂದು, ಹಲಗೆಗೆ ನೆಟ್ಟಗೆ ಒಂದು ಕಬ್ಬಿಣದ ಸರಳನ್ನು ಬಿಗಿದು, ಸ್ಪ್ರಿಂಗ್ ಬಾಗದಂತೆ ಅದನ್ನು ಆ ಸರಳಿಗೆ ತೊಡಿಸಿ, ವ್ಯಾಯಾಮಕ್ಕೆ ಬಳಸುವ ತೂತಿನ ತೂಕದ ಬಿಲ್ಲೆಗಳನ್ನು ಮೇಲಿನಿಂದ ಹೇರಿದೆ. ಸುತ್ತುಗಳು ಸರಳಿಗೆ ಉಜ್ಜಿ ಅಲ್ಲೇ ನಿಲ್ಲುವುದುಂಟು. ಆದ್ದರಿಂದ ಪ್ರತಿ ಸಲವೂ ಹಲಗೆಯನ್ನು ಮೆಲ್ಲಗೆ ತಟ್ಟಿ, ಅಲುಗಾಟ ನಿಂತ ಮೇಲೆಯೇ ಅಳತೆ ಬರೆದುಕೊಂಡೆ. 10, 20, 30 ಕಿಲೋ ಹೇರಿದಾಗ ಬಲಗಡೆಯದು 27, 54, 81 ಮಿ.ಮೀ. ಕುಗ್ಗಿತು, ಎಡಗಡೆಯದು 27, 55, 82.

ಅಂದರೆ ಎರಡರ ಬಿಗುವೂ ಒಂದೇ. ಬಿಗುವನ್ನು ನಿರ್ಧರಿಸುವುದು ತಂತಿಯ ದಪ್ಪ, ಸುತ್ತಿನ ಅಗಲ, ಸುತ್ತುಗಳ ಸಂಖ್ಯೆ ಮತ್ತು ಉಕ್ಕಿನ ಗುಣ. ಇವು ವಯಸ್ಸಾದ ಮಾತ್ರಕ್ಕೆ ಬದಲಾಗುವುದಿಲ್ಲ. ದಶಕಗಳ ಭಾರಕ್ಕೆ ಕುಸಿಯುವುದು ಉದ್ದ. ಪರಿಚಯದ ವೆಲ್ಡಿಂಗ್ ಮೇಸ್ತ್ರಿಯೊಬ್ಬರು ಗ್ಯಾಸ್‌ನಲ್ಲಿ ಕಾಯಿಸಿ ಎಳೆದುಕೊಡುವುದಾಗಿ ಪ್ರೀತಿಯಿಂದಲೇ ಹೇಳಿದರು. ಹಾಗೆ ಕಾಯಿಸಿದರೆ ಉಕ್ಕಿನ ಹದ ಕೆಟ್ಟು, ಸ್ಪ್ರಿಂಗ್ ಇನ್ನೂ ಬೇಗ ಕುಸಿಯುತ್ತದೆಯಾದ್ದರಿಂದ ಬೇಡವೆಂದೆ. ಅದರ ಬದಲು 7 ಮಿ.ಮೀ. ಎತ್ತರದ ಉಕ್ಕಿನ ಬಳೆಯೊಂದನ್ನು ಲೇತಿನಲ್ಲಿ ಮಾಡಿಸಿ ಎಡ ಸ್ಪ್ರಿಂಗಿನ ತಲೆಯ ಮೇಲೆ ಕೂರಿಸಲಿದ್ದೇನೆ.

ಹಿಂದಿನ ಜೋಡಿಯ ಕಥೆ ಬೇರೆ. ತೂಕದ ಪರೀಕ್ಷೆಯಲ್ಲಿ ಎರಡೂ ಗೆದ್ದವು, ಉದ್ದವೂ ಸಮವಾಗಿತ್ತು. ಆದರೆ ಒಂದರ ಕೆಳಗಿನ ಸುತ್ತಿನ ಒಳಮೈಯಲ್ಲಿ, ತಗಡಿನ ಕವಚದೊಳಗೆ ನೀರು ನಿಲ್ಲುತ್ತಿದ್ದ ಕಡೆ, ತುಕ್ಕು ಕೊರೆದ ಸಣ್ಣ ಕುಳಿಯೊಂದು ಉಗುರಿಗೆ ಸಿಕ್ಕಿತು. ತಂತಿ ಸುತ್ತಲೂ ಸವೆದಿದ್ದರೆ ತೂಕವೇ ಹೇಳುತ್ತಿತ್ತು: ಬಿಗುವು ದಪ್ಪದ ನಾಲ್ಕನೆಯ ಘಾತವನ್ನು ಅನುಸರಿಸುವುದರಿಂದ, 4.0 ಮಿ.ಮೀ. ತಂತಿ 3.9ಕ್ಕೆ ಇಳಿದರೂ ಸುಮಾರು ಶೇ. 10ರಷ್ಟು ಬಿಗುವು ಹೋಗುತ್ತದೆ. ಒಂದೇ ಒಂದು ಕುಳಿ ಅಷ್ಟು ಕುಗ್ಗಿಸುವುದಿಲ್ಲ. ಆದರೆ ಓಡುವಾಗ ಬಿರುಕು ಹುಟ್ಟುವುದು ಅಲ್ಲಿಂದಲೇ, ಅದರಲ್ಲೂ ಒತ್ತಡ ಹೆಚ್ಚಿರುವ ಒಳಮೈಯಲ್ಲಿ. ಹಾಗಾಗಿ ಮನಸ್ಸಿಗೆ ಕಷ್ಟವಾದರೂ ಆ ಜೋಡಿಯನ್ನೇ ಬದಲಿಸುತ್ತಿದ್ದೇನೆ. ಫೋರ್ಕಿನ ಸ್ಪ್ರಿಂಗ್‌ಗಳ ಮೇಲಿದ್ದ ತುಕ್ಕನ್ನು ಆಸಿಡ್‌ಗೆ ಅದ್ದದೆ ಬ್ರಷ್‌ನಿಂದಲೇ ಉಜ್ಜಿದೆ, ಏಕೆಂದರೆ ಆಸಿಡ್‌ನಿಂದ ಹೈಡ್ರೋಜನ್ ಒಳಸೇರಿ ಸ್ಪ್ರಿಂಗಿನ ಉಕ್ಕು ಪೆಡಸಾಗುವ ಅಪಾಯವಿದೆ.

ಬಳೆ ಕೂರಿಸಿದ ಮೇಲೆ, ಫೋರ್ಕ್ ಪೂರ್ತಿ ಕುಸಿದಾಗಲೂ ಎಡ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ತಾಗದಷ್ಟು ಜಾಗ ಉಳಿಯುವುದೇ ಎಂಬುದನ್ನು ಎಣ್ಣೆ ತುಂಬುವ ಮೊದಲು ಅಳೆಯಬೇಕು. ಮುಂದಿನ ಭಾನುವಾರದ ಕೆಲಸ ಅದು.