ಮಳೆಗಾಲದಲ್ಲಿ ನಿಮ್ಮ ನಾಯಿ ಎಲ್ಲಿಗೆ ಹೋಗುತ್ತದೆ?

ಕಾರವಾರದಲ್ಲಿ, ಅದೂ ಮೂರನೇ ಮಹಡಿಯ ಫ್ಲ್ಯಾಟ್‌ನಲ್ಲಿ ನಾಯಿ ಸಾಕಿದ್ದೇನೆ ಅಂದ ಕೂಡಲೇ ಬರುವ ಪ್ರಶ್ನೆ ಇದೇ. ಲಿಫ್ಟ್‌ನಲ್ಲಿ ಸಿಕ್ಕವರು ಕೇಳುತ್ತಾರೆ, ಆಫೀಸಿನಲ್ಲಿ ಕೇಳುತ್ತಾರೆ. ಶಿರಸಿ ಕಡೆಯ ನೆಂಟರಂತೂ ಚಹಾ ಕುಡಿಯುವ ಮೊದಲೇ ಕೇಳುತ್ತಾರೆ. "ಬೇಸಿಗೆಯಲ್ಲಿ ಸರಿ, ಬೀಚ್ ಕಡೆ ಕರ್ಕೊಂಡು ಹೋಗ್ತೀರಿ. ಮಳೆಗಾಲದಲ್ಲಿ ಒಂದಕ್ಕೆ, ಎರಡಕ್ಕೆ ಏನು ಮಾಡ್ತೀರಿ? ಮನೆಯೆಲ್ಲ ವಾಸನೆ ಬರೋದಿಲ್ವಾ?"

ಮನೆಯೊಳಗೇ ಅದಕ್ಕೊಂದು ಟಾಯ್ಲೆಟ್ ಮಾಡಿಟ್ಟಿದ್ದೇನೆ. ಏಳೆಂಟು ನೂರು ರೂಪಾಯಿಯಲ್ಲಿ ಆಯಿತು. ವಾಸನೆ ಬರುವುದಿಲ್ಲ. ಇಷ್ಟು ಹೇಳಿದರೆ ಯಾರೂ ಬಿಡುವುದಿಲ್ಲ, ಹೇಗೆ ಮಾಡಿದ್ರಿ ಅಂತ ಮತ್ತೆ ಶುರು ಮಾಡುತ್ತಾರೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಇಂಟರ್‌ನೆಟ್‌ನಲ್ಲಿ ಹುಡುಕಿದರೆ ನೂರು ಉಪಾಯ ಸಿಗುತ್ತವೆ. ಹೆಚ್ಚಿನವು ಒಣ ಹವೆಯ ಊರಿನವರು ಹೇಳಿದ್ದು. ಪೇಪರ್ ಹಾಸಿ, ಹಳೆ ಬಟ್ಟೆ ಹಾಸಿ, ಹೀರುವ ಪ್ಯಾಡ್ ಹಾಸಿ, ಆಮೇಲೆ ತೊಳೆದು ಬಿಸಿಲಿಗೆ ಹಾಕಿ ಅಂತ. ಜುಲೈ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು ಎಲ್ಲಿಂದ ತರೋದು? ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಸಮುದ್ರದ ಗಾಳಿಯಲ್ಲಿ ಮೈ ಒರೆಸುವ ಟವೆಲ್ಲೇ ಎರಡು ದಿನವಾದರೂ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಬರುತ್ತದೆ. ಇಂಥ ಕಡೆ ಉಚ್ಚೆ ಹೀರಿದ ಬಟ್ಟೆಯ ಗತಿ ಏನಾಗಬೇಕು?

ವಾಸನೆ ಎಲ್ಲಿಂದ ಬರುತ್ತದೆ ಅಂತ ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ. ಆರೋಗ್ಯವಾಗಿರುವ ನಾಯಿಯ ಆಗಷ್ಟೇ ಹೊಯ್ದ ಉಚ್ಚೆ ಅಷ್ಟೇನೂ ನಾರುವುದಿಲ್ಲ. ಅದರಲ್ಲಿ ಯೂರಿಯಾ ಇರುತ್ತದೆ. ಅದು ಎಲ್ಲಾದರೂ ನಿಂತರೆ ಬ್ಯಾಕ್ಟೀರಿಯಾ ಸೇರಿ ಯೂರಿಯಾವನ್ನು ಅಮೋನಿಯಾ ಮಾಡುತ್ತವೆ. ಮೂಗಿಗೆ ಹೊಡೆಯುವುದು ಆ ಅಮೋನಿಯಾ. ಒದ್ದೆ ಬಟ್ಟೆ, ಒದ್ದೆ ಪೇಪರ್, ನಾರಿನ ಮ್ಯಾಟ್ ಇವೆಲ್ಲ ಆ ಬ್ಯಾಕ್ಟೀರಿಯಾಗಳಿಗೆ ಹೇಳಿ ಮಾಡಿಸಿದ ಜಾಗ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ: ಕರಾವಳಿಯಲ್ಲಿ ಹೀರುವ ವಸ್ತು ಬೇಡ, ಸೋರಿ ಹೋಗುವ ವಸ್ತು ಬೇಕು. ಮೀನಿನ ಬುಟ್ಟಿಯಿಂದ ನೀರು ಇಳಿದು ಹೋಗುವ ಹಾಗೆ ಉಚ್ಚೆ ಕೆಳಗೆ ಇಳಿಯಬೇಕು, ನಾಯಿಯ ಕಾಲು ಒಣಗಿರಬೇಕು, ಒಂದು ಚೊಂಬು ನೀರು ಹೊಯ್ದರೆ ಎಲ್ಲ ಹರಿದು ಹೋಗಬೇಕು.

"ತೆಂಗಿನ ನಾರಿನ ಮ್ಯಾಟ್ ನಮ್ಮ ಊರಿನದ್ದೇ ಅಲ್ವಾ, ಅಗ್ಗ" ಅಂತ ಕೆಲವರು ಹೇಳುತ್ತಾರೆ. ಅಗ್ಗವೇನೋ ಹೌದು. ಆದರೆ ಮಳೆಗಾಲದಲ್ಲಿ ಒಮ್ಮೆ ನೆನೆದರೆ ಮುಗಿಯಿತು, ಬೂಷ್ಟು. ಸಮುದ್ರದ ಹೊಯಿಗೆ ತಂದು ಡಬ್ಬದಲ್ಲಿ ಹಾಕುವವರೂ ಇದ್ದಾರೆ. ಅದರಲ್ಲಿ ಉಪ್ಪಿರುತ್ತದೆ, ಉಪ್ಪು ಗಾಳಿಯ ತೇವ ಎಳೆಯುತ್ತದೆ, ಹೊಯಿಗೆ ಒಣಗುವುದೇ ಇಲ್ಲ. ಜೊತೆಗೆ ನಾಯಿ ಕೆರೆದು ಕೆರೆದು ಹಾಲ್ ತನಕ ಹರಡುತ್ತದೆ. ನಿಜವಾದ ಹುಲ್ಲಿನ ಹಾಸು ನರ್ಸರಿಯಲ್ಲಿ ಸಿಗುತ್ತದೆ, ನಾಯಿಗೂ ಇಷ್ಟ. ಆದರೆ ಉಚ್ಚೆಯ ಸಾರಜನಕಕ್ಕೆ ಹುಲ್ಲು ಸುಟ್ಟು ಹಳದಿಯಾಗುತ್ತದೆ, ಮತ್ತೆ ಮತ್ತೆ ಕೊಳ್ಳುತ್ತಿರಬೇಕು. ಅಂಗಡಿಯ ಪ್ಯಾಡ್‌ಗಳು ಪ್ರಯಾಣಕ್ಕೆ, ಕಾಯಿಲೆ ಬಿದ್ದ ನಾಯಿಗೆ ಒಳ್ಳೆಯವು. ದಿನಾ ಎರಡು ಮೂರು ಬಳಸಿದರೆ ತಿಂಗಳ ಖರ್ಚು ನಮ್ಮ ಇಡೀ ಟಾಯ್ಲೆಟ್‌ಗಿಂತ ಜಾಸ್ತಿ ಆಗುತ್ತದೆ, ಕಸವೂ ಜಾಸ್ತಿ.

ಇನ್ನು ಮಾಡುವ ಕ್ರಮ. ಪೈಪಿನ ಚೌಕಟ್ಟು, ಅದರ ಮೇಲೆ ಜಾಳಿಗೆ, ಜಾಳಿಗೆಯ ಮೇಲೆ ಪ್ಲಾಸ್ಟಿಕ್ ಹುಲ್ಲು, ಎಲ್ಲದರ ಕೆಳಗೆ ಒಂದು ಟ್ರೇ, ಇಷ್ಟೇ. ಮೊದಲು ನಾಯಿಯ ಅಳತೆ ತೆಗೆದುಕೊಳ್ಳಿ. ಮೂಗಿನಿಂದ ಬಾಲದ ಬುಡದ ತನಕ ಎಷ್ಟು ಉದ್ದವೋ ಅದರ ಒಂದೂವರೆ ಪಟ್ಟು ಉದ್ದದ ಜಾಗ ಬೇಕು. ನಾಯಿ ಕೂರುವ ಮೊದಲು ಒಂದೆರಡು ಸುತ್ತು ತಿರುಗುತ್ತದೆ, ಗಮನಿಸಿದ್ದೀರಲ್ಲ? ಆ ಸುತ್ತಿಗೆ ಜಾಗ ಇಲ್ಲದಿದ್ದರೆ ಮುಂದಿನ ಕಾಲು ಟ್ರೇಯಲ್ಲಿ, ಹಿಂದಿನ ಕಾಲು ಹೊರಗೆ. ನಮ್ಮದು ನಡುಗಾತ್ರದ ನಾಟಿ ನಾಯಿ. ಅವಳಿಗೆ 3 ಅಡಿ ಉದ್ದ, 2 ಅಡಿ ಅಗಲ ಸಾಕಾಗುತ್ತದೆ.

ಪ್ಲಂಬಿಂಗ್ ಸಾಮಾನಿನ ಅಂಗಡಿಗೆ ಹೋಗಿ 1 ಇಂಚಿನ ಪಿವಿಸಿ ಪೈಪ್ ಕೇಳಿ. ಅಳತೆ ಚೀಟಿ ಕೊಟ್ಟರೆ ಅವರೇ ಕತ್ತರಿಸಿ ಕೊಡುತ್ತಾರೆ. "ಬಾತ್‌ರೂಮಿಗಾ ಅಕ್ಕಾ?" ಅಂದರು ನಮ್ಮ ಅಂಗಡಿಯವರು. "ನಾಯಿಗೆ ಅಣ್ಣಾ" ಅಂದೆ. ಅವರು ಚೀಟಿ ತಿರುಗಿಸಿ ನೋಡಿ, "ನಡು ಮಧ್ಯೆ ಎರಡು ಅಡ್ಡ ಪೈಪ್ ಹಾಕಿ, ಇಲ್ಲಾಂದ್ರೆ ನಾಯಿ ಭಾರಕ್ಕೆ ಜಾಳಿಗೆ ತಗ್ಗಾಗ್ತದೆ" ಅಂದರು. ಒಳ್ಳೆಯ ಮಾತು. ಹಾಗಾಗಿ ಲೆಕ್ಕ ಹೀಗೆ: ಸುತ್ತಲಿನ ಚೌಕಟ್ಟಿಗೆ 10 ಅಡಿ, ಎರಡು ಅಡ್ಡ ಪೈಪಿಗೆ 4 ಅಡಿ, ಒಟ್ಟು 14 ಅಡಿ. ಮೂಲೆಗಳಿಗೆ ನಾಲ್ಕು ಎಲ್ಬೋ (L ಆಕಾರದ ಜೋಡಣೆ ತುಂಡು), ಅಡ್ಡ ಪೈಪ್ ಕೂರಿಸಲು ನಾಲ್ಕು ಟೀ (T ಆಕಾರದ್ದು). ಜೋಡಣೆಗೆ ಸಾಲ್ವೆಂಟ್ ಸಿಮೆಂಟ್, ಅಂದರೆ ಪಿವಿಸಿ ಪೈಪಿನ ಅಂಟು, ಹಚ್ಚಲೇಬೇಕು. ಸುಮ್ನೆ ತುರುಕಿದರೂ ನಿಲ್ಲುತ್ತದೆ ನಿಜ, ಆದರೆ ಸಂದಿಯಿಂದ ಉಚ್ಚೆ ಪೈಪಿನೊಳಗೆ ಹೋಗಿ ಕೂತರೆ ತೊಳೆಯುವುದು ಹೇಗೆ? ಸಿಮೆಂಟಿನ ವಾಸನೆ ಪೂರ್ತಿ ಹೋದ ಮೇಲೆ ಮುಂದಿನ ಕೆಲಸ.

ಚೌಕಟ್ಟಿನ ಮೇಲೆ ಗಟ್ಟಿ ಪ್ಲಾಸ್ಟಿಕ್ ಜಾಳಿಗೆ. ತೋಟದ ಬೇಲಿಗೆ, ಕೋಳಿ ಗೂಡಿಗೆ ಕಟ್ಟುತ್ತಾರಲ್ಲ, ಅದೇ. ಕಣ್ಣು 1 ಸೆಂಟಿಮೀಟರಿಗಿಂತ ದೊಡ್ಡದು ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ. ಕಬ್ಬಿಣದ ಜಾಳಿಗೆಯಂತೂ ಬೇಡವೇ ಬೇಡ, ಕಾರವಾರದ ಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಜಾಳಿಗೆಯನ್ನು ಬಿಗಿಯಾಗಿ ಎಳೆದು ಕೇಬಲ್ ಟೈ ಹಾಕಿ. ಟೈನ ಗಂಟು ಕೆಳಗೆ ಬರಬೇಕು, ಕತ್ತರಿಸಿದ ತುದಿಯೂ ಕೆಳಗೇ ಇರಬೇಕು. ಕೈಯಾಡಿಸಿ ನೋಡಿ. ನಿಮ್ಮ ಅಂಗೈಗೆ ಚುಚ್ಚಿದರೆ ಅದರ ಪಾದಕ್ಕೂ ಚುಚ್ಚುತ್ತದೆ, ಒಮ್ಮೆ ಚುಚ್ಚಿದರೆ ನಾಯಿ ಆ ಕಡೆ ಮತ್ತೆ ಕಾಲಿಡುವುದಿಲ್ಲ.

ಕೆಳಗೆ ಇಡಲು ಅಗಲದ, ತಗ್ಗು ಅಂಚಿನ ಪ್ಲಾಸ್ಟಿಕ್ ಟ್ರೇ. ರವಿವಾರದ ಸಂತೆಯಲ್ಲೋ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯಲ್ಲೋ ಹುಡುಕಿ. ಟ್ರೇಯ ಒಂದು ತುದಿಯಲ್ಲಿ ತೂತು ಮಾಡಿ, ಆ ತೂತು ನೆಲದ ನೀರು ಹೋಗುವ ಜಾಲಿಯ ಮೇಲೆ ಸರಿಯಾಗಿ ಬರುವ ಹಾಗೆ ಇಡಿ. ಇನ್ನೊಂದು ತುದಿಯ ಕೆಳಗೆ ಒಡೆದ ಟೈಲ್ಸ್ ತುಂಡು ಎರಡು ಕೊಟ್ಟರೆ ಇಳಿಜಾರು ಆಗುತ್ತದೆ. ಟ್ರೇ ಇಲ್ಲದೆ ಬರೀ ಟೈಲ್ಸ್ ಮೇಲೆ ಇಡಬಹುದು, ಆದರೆ ಟೈಲ್ಸ್ ನಡುವಿನ ಬಿಳಿ ಸಿಮೆಂಟ್ ಉಚ್ಚೆ ಹೀರುತ್ತದೆ.

ಜಾಳಿಗೆಯ ಮೇಲೆ ಪ್ಲಾಸ್ಟಿಕ್ ಹುಲ್ಲಿನ ಒಂದು ತುಂಡು. ಕೆಲವು ನಾಯಿಗಳಿಗೆ ಬರೀ ಜಾಳಿಗೆಯ ಮೇಲೆ ನಿಲ್ಲಲು ಹೆದರಿಕೆ, ಅವಕ್ಕೆ ಇದು ಬೇಕೇ ಬೇಕು. ಕೊಳ್ಳುವಾಗ ಹಿಂದೆ ತಿರುಗಿಸಿ ನೋಡಿ, ತೂತುಗಳು ತೀರಾ ಕಡಿಮೆ ಇರುತ್ತವೆ. ಹಾಗೇ ಹಾಸಿದರೆ ಉಚ್ಚೆ ಮೇಲೇ ನಿಲ್ಲುತ್ತದೆ. ನಾನು ಸ್ಕ್ರೂ ಡ್ರೈವರ್ ಕಾಯಿಸಿ, ಬಾಲ್ಕನಿಯಲ್ಲಿ ಕೂತು, ಬೆರಳಗಲಕ್ಕೊಂದು ತೂತು ಹಾಕಿದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಮಾಡಬೇಡಿ, ಹೊಗೆ ಕೆಟ್ಟದ್ದು. ಹುಲ್ಲಿನ ತುಂಡು ಎರಡು ಇಟ್ಟುಕೊಳ್ಳಿ. ಒಂದು ಟ್ರೇ ಮೇಲೆ, ಇನ್ನೊಂದು ತೊಳೆದು ಫ್ಯಾನ್ ಕೆಳಗೆ. ಮಳೆಗಾಲ ಕಳೆಯುವುದು ಈ ಎರಡನೇ ತುಂಡಿನಿಂದಲೇ.

ಗಂಡು ನಾಯಿ ಇದ್ದವರಿಗೆ ಒಂದು ಕೆಲಸ ಜಾಸ್ತಿ. ಅದು ಕಾಲೆತ್ತುತ್ತದೆ, ಎತ್ತಲು ಏನಾದರೂ ಬೇಕು. ಒಂದೂವರೆ ಅಡಿಯ ದಪ್ಪ ಪೈಪನ್ನು ಚೌಕಟ್ಟಿಗೆ ನೆಟ್ಟಗೆ ಕಟ್ಟಿ. ಹಿಂದಿನ ಗೋಡೆಗೆ ಹಳೆ ಫ್ಲೆಕ್ಸ್ ಬ್ಯಾನರ್ ತೂಗು ಹಾಕಿ, ಅದರ ಕೆಳ ಅಂಚು ಟ್ರೇಯೊಳಗೆ ಬರಲಿ. ಗೋಡೆಗೆ ಹಾರಿದ್ದು ಇಳಿದು ಟ್ರೇಗೇ ಬರುತ್ತದೆ.

ಎಲ್ಲಿಡಬೇಕು ಅಂದರೆ ಎಲ್ಲರೂ ಬಾಲ್ಕನಿ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಬಾಲ್ಕನಿಯ ನೀರು ಸಾಮಾನ್ಯವಾಗಿ ಮಳೆನೀರಿನ ಪೈಪಿನಿಂದ ಅಂಗಳಕ್ಕೋ ತೆರೆದ ಗಟಾರಕ್ಕೋ ಹೋಗುತ್ತದೆ. ನಮ್ಮ ಕೆಳಗಿನ ಮನೆಯ ಮಾವಶಿ ಮೊದಲೇ ಹೇಳಿದ್ದರು: "ಮೇಲಿಂದ ನೀರು ಬಿಡ್ಬೇಡ ಮಗಾ, ನಮ್ಮ ಬಟ್ಟೆ ಅಲ್ಲೇ ಇರ್ತದೆ." ಬಟ್ಟೆಯ ಮಾತಷ್ಟೇ ಅಲ್ಲ ಇದು. ಇಲಿ ಜ್ವರ ಅಂತ ಕೇಳಿದ್ದೀರಲ್ಲ, ಲೆಪ್ಟೊಸ್ಪೈರೋಸಿಸ್. ಅದರ ಬ್ಯಾಕ್ಟೀರಿಯಾ ಇಲಿಯ ಉಚ್ಚೆಯಲ್ಲಿ ಮಾತ್ರವಲ್ಲ, ಸೋಂಕು ತಗುಲಿದ ನಾಯಿಯ ಉಚ್ಚೆಯಲ್ಲೂ ಇರುತ್ತದೆ. ಒದ್ದೆ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕುತ್ತದೆ, ಕಾಲಿನ ಗಾಯದಿಂದ ಮನುಷ್ಯರಿಗೆ ಬರುತ್ತದೆ. ಹಾಗಾಗಿ ಉಚ್ಚೆ ನೀರು ಬಾತ್‌ರೂಮಿನ ಅಥವಾ ಬಟ್ಟೆ ಒಗೆಯುವ ಜಾಗದ ಪೈಪಿಗೇ ಹೋಗಬೇಕು. ನಾಯಿಗೆ ಲೆಪ್ಟೊ ಲಸಿಕೆ ವರ್ಷಕ್ಕೊಮ್ಮೆ ಹಾಕಿಸಿ. ತೊಳೆಯುವಾಗ ಕೈಗವಸು ಹಾಕಿಕೊಳ್ಳಿ. ಸಾಕುನಾಯಿ ಇಡಲೇಬಾರದು ಅಂತ ಅಪಾರ್ಟ್‌ಮೆಂಟ್ ಸಂಘ ನಿಷೇಧ ಹಾಕುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ಆ ಕಾಗದ ಹಿಡಿದು ವಾದ ಮಾಡುವುದಕ್ಕಿಂತ ಮಾವಶಿಯ ಬಟ್ಟೆ ಮೇಲೆ ಹನಿ ಬೀಳದಂತೆ ನೋಡಿಕೊಳ್ಳುವುದು ನನಗೆ ಮುಖ್ಯ.

ತೊಳೆಯುವುದು ಸುಲಭ. ಪ್ರತಿ ಸಲ ಹೋದ ಮೇಲೆ ಒಂದೆರಡು ಚೊಂಬು ನೀರು. ರಾತ್ರಿ ಸೋಪಿನ ಪುಡಿ ಹಾಕಿ ಬ್ರಶ್‌ನಿಂದ ಒಮ್ಮೆ ಉಜ್ಜುವುದು. ವಾರಕ್ಕೊಮ್ಮೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಹೊಯ್ದು, ಸ್ವಲ್ಪ ಹೊತ್ತು ಬಿಟ್ಟು ತೊಳೆಯುವುದು. ವಿನೆಗರ್ ಆಮ್ಲ, ಅಮೋನಿಯಾ ಕ್ಷಾರ, ಒಂದನ್ನೊಂದು ಕೊಲ್ಲುತ್ತವೆ. ಫಿನಾಯಿಲ್ ಬೇಡ. ನಾಯಿ ಅದರ ಮೇಲೆ ನಿಂತು ಆಮೇಲೆ ಪಾದ ನೆಕ್ಕುತ್ತದೆ, ಅದು ಹೊಟ್ಟೆಗೆ ಹೋಗುತ್ತದೆ. ಬ್ಲೀಚನ್ನು ಉಚ್ಚೆಯ ಮೇಲೆ ನೇರವಾಗಿ ಯಾವತ್ತೂ ಹಾಕಬೇಡಿ. ಅಮೋನಿಯಾ ಜೊತೆ ಸೇರಿ ಕ್ಲೋರಮೈನ್ ಎಂಬ ವಿಷದ ಗಾಳಿ ಏಳುತ್ತದೆ. ಸಣ್ಣ ಬಾತ್‌ರೂಮಿನಲ್ಲಿ ಅದು ಶ್ವಾಸಕ್ಕೆ ಅಪಾಯ. ವಿನೆಗರ್ ಜೊತೆಗೂ ಬ್ಲೀಚ್ ಸೇರಬಾರದು.

ಎರಡಕ್ಕೆ ಹೋದದ್ದನ್ನು ಕಾಗದದಲ್ಲಿ ಎತ್ತಿ ಕಮೋಡಿಗೆ ಹಾಕಿ, ಕಾಗದ ಕಸಕ್ಕೆ. ಗಿಡದ ಕುಂಡಕ್ಕೆ ಗೊಬ್ಬರ ಅಂತ ಹಾಕಬೇಡಿ. ನಾಯಿಯ ಜಂತುಹುಳದ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ, ಮಕ್ಕಳ ಕೈಗೆ ಹತ್ತುತ್ತವೆ. ಆ ಮೊಟ್ಟೆ ಸೋಂಕು ಹರಡುವ ಹಂತಕ್ಕೆ ಬರಲು ಎರಡು ವಾರಕ್ಕಿಂತ ಜಾಸ್ತಿ ಬೇಕು. ಆಗಿಂದಾಗಲೇ ಎತ್ತಿದರೆ ಚಿಂತೆ ಇಲ್ಲ.

"ನಾಯಿಗೆ ಕಲಿಸೋದು ಹೇಗೆ?" ಕಲಿಸಬಹುದು, ತಾಳ್ಮೆ ಬೇಕು. ನಿದ್ದೆಯಿಂದ ಎದ್ದ ಕೂಡಲೇ, ಊಟವಾಗಿ ಸ್ವಲ್ಪ ಹೊತ್ತಿಗೆ, ಆಟ ಮುಗಿದ ಮೇಲೆ, ಈ ಮೂರು ಹೊತ್ತಿನಲ್ಲಿ ಸರಪಳಿ ಹಾಕಿ ಅಲ್ಲಿಗೆ ಕರೆದುಕೊಂಡು ಹೋಗಿ ಸುಮ್ಮನೆ ನಿಲ್ಲಿ. ಪ್ರತಿ ಸಲ ಒಂದೇ ಮಾತು ಹೇಳಿ. ನಾವು "ಹೋಗು ಚಿನ್ನಾ" ಅನ್ನುತ್ತೇವೆ. ಮುಗಿಸಿದ ಕೂಡಲೇ, ಅಲ್ಲೇ, ಬೇಯಿಸಿದ ಕೋಳಿಯ ಸಣ್ಣ ಚೂರು ಕೊಡಿ. ಅಡುಗೆಮನೆಗೆ ಬಂದು ಕೊಟ್ಟರೆ ಯಾವುದಕ್ಕೆ ಸಿಕ್ಕಿತು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಒಣಮೀನು ಬೇಡ, ಉಪ್ಪು ಜಾಸ್ತಿ. ಮಣ್ಣಿನ ಮೇಲೆ ಹೋಗಿ ರೂಢಿಯಾದ ದೊಡ್ಡ ನಾಯಿಗೆ ಮೊದಮೊದಲು ಹುಲ್ಲಿನ ಮೇಲೆ ಒಂದು ಹಿಡಿ ಮಣ್ಣು ಉದುರಿಸಿ, ಅದರದ್ದೇ ಉಚ್ಚೆ ಒರೆಸಿದ ಬಟ್ಟೆ ಒಂದು ದಿನ ಅಲ್ಲಿಡಿ. ತಿನ್ನುವ, ಮಲಗುವ ಜಾಗದ ಹತ್ತಿರ ಟ್ರೇ ಬೇಡ. ಬೇರೆ ಕಡೆ ಹೊಯ್ದರೆ ಮೂಗು ತಿಕ್ಕುವುದು, ಹೊಡೆಯುವುದು ಮಾಡಲೇಬಾರದು. ನಿಮ್ಮೆದುರು ಉಚ್ಚೆ ಹೊಯ್ಯುವುದೇ ತಪ್ಪು ಅಂತ ಅದು ತಿಳಿದು, ಸೋಫಾ ಹಿಂದೆ ಅಡಗಿ ಹೊಯ್ಯಲು ಶುರು ಮಾಡುತ್ತದೆ.

ಮರಿ ತಂದವರಿಗಂತೂ ಇದು ಮೊದಲ ದಿನದಿಂದ ಬೇಕು. ಸುಮಾರು 16 ವಾರಕ್ಕೆ ಲಸಿಕೆಗಳು ಮುಗಿಯುವ ತನಕ ಬೀದಿಗೆ ಇಳಿಸಿದರೆ ಪಾರ್ವೊ ಎಂಬ ವಾಂತಿ-ಭೇದಿಯ ರೋಗ ತಗುಲುವ ಭಯ. ಅಷ್ಟೇ ಅಲ್ಲ, ಎರಡು ತಿಂಗಳ ಮರಿ ಎರಡು ಮೂರು ತಾಸಿಗಿಂತ ಹೆಚ್ಚು ಉಚ್ಚೆ ತಡೆದುಕೊಳ್ಳಲಾರದು.

ಟಾಯ್ಲೆಟ್ ಇದೆ ಅಂತ ವಾಕಿಂಗ್ ನಿಲ್ಲಿಸಬೇಡಿ. ನಾಯಿಗೆ ಹೊರಗೆ ಹೋಗುವುದು ಮೂಸುವುದಕ್ಕೆ, ಓಡುವುದಕ್ಕೆ, ನಾಲ್ಕು ಜನರನ್ನು ನೋಡುವುದಕ್ಕೆ. ಮಳೆ ಸ್ವಲ್ಪ ಹೊಳವಾದರೆ ನಾವು ಟ್ಯಾಗೋರ್ ಬೀಚ್ ಕಡೆ ಹೋಗಿಯೇ ಹೋಗುತ್ತೇವೆ, ಕಿಸೆಯಲ್ಲಿ ಕಾಗದ ಇಟ್ಟುಕೊಂಡು.

ಇನ್ನೊಂದು ಲಾಭ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಹೊರಗೆ ಮಣ್ಣಿನಲ್ಲಿ ಇಂಗಿ ಹೋಗುವ ಉಚ್ಚೆ ಇಲ್ಲಿ ಬಿಳಿ ಟ್ರೇಯಲ್ಲಿ ಕಣ್ಣಿಗೆ ಕಾಣುತ್ತದೆ. ಟ್ರೇ ಕೊಳ್ಳುವಾಗ ಬಿಳಿಯದ್ದೇ ಕೊಳ್ಳಿ. ತಿಳಿ ಹಳದಿ ಇದ್ದರೆ ಸರಿ. ಗಾಢ ಹಳದಿ ಆದರೆ ನೀರು ಕುಡಿಯುವುದು ಕಡಿಮೆಯಾಗಿದೆಯಾ ನೋಡಿ. ಚಹಾದ ಬಣ್ಣ, ಕೆಂಪು ಛಾಯೆ, ಪದೇ ಪದೇ ಹೋಗಿ ಹನಿ ಹನಿ ಹೊಯ್ಯುವುದು ಕಂಡರೆ ಮರುದಿನವೇ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಗಂಡು ನಾಯಿ ಟ್ರೇ ಮೇಲೆ ನಿಂತು ತಿಣುಕಿದರೂ ಹನಿಯೂ ಬರದಿದ್ದರೆ ಮರುದಿನದ ತನಕ ಕಾಯಬೇಡಿ. ಮೂತ್ರದ ದಾರಿಯಲ್ಲಿ ಕಲ್ಲು ಸಿಕ್ಕಿರಬಹುದು. ಎಷ್ಟೇ ಮಳೆ ಇರಲಿ, ಆಗಲೇ ಡಾಕ್ಟರಿಗೆ ಫೋನ್ ಮಾಡಿ ಹೊರಡಿ.